ಬಿ ನೆಗೆಟಿವ್ ತಾಯಿ, ಓ ಪಾಸಿಟಿವ್ ಕೂಸು: ಲೆಕ್ಕಕ್ಕೆ ಬಾರದ ಒಂದು ಬಸಿರು

ಆ ಸ್ಯಾಂಪಲ್ ಬಂದಿದ್ದು ಶನಿವಾರ ಮಧ್ಯಾಹ್ನ. ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಬ್ಲಡ್ ಬ್ಯಾಂಕಿನ ಕಿಟಕಿಯಿಂದ ಒಂದು ಕೈ ಚೀಟಿ ಚಾಚಿತು. ಬಸುರಿ, 26 ವರ್ಷ, 28 ವಾರ, ಬಿ ನೆಗೆಟಿವ್. ‘ಐಸಿಟಿ ಮಾಡಿ ಕಳಿಸಿ, ನೆಗೆಟಿವ್ ಬಂದರೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತೇವೆ’ ಎಂದು ಡಾಕ್ಟರ್ ಬರೆದಿದ್ದರು. ಇಂಥ ಚೀಟಿ ನಮಗೆ ಹೊಸದಲ್ಲ. ಬಹುಪಾಲು ನೆಗೆಟಿವ್ ಬರುತ್ತೆ, ರಿಪೋರ್ಟ್ ಬರೆದು ಕೊಡುತ್ತೇವೆ, ಮುಗೀತು.

ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. ಈ ಕುಟುಂಬದ ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಬರೆಯಿರಿ ಎಂದು ಅವರೇ ಒಪ್ಪಿದ್ದಾರೆ.

ಐಸಿಟಿ ಎಂದರೆ ಪಾಸಿಟಿವ್ ಕಣಗಳಿಗೆ ಅಂಟುವ ಆಂಟಿಬಾಡಿ, ಅಂದರೆ ಪರಕೀಯ ಎನಿಸಿದ್ದನ್ನು ಎದುರಿಸಲು ಮೈ ಮಾಡಿಕೊಳ್ಳುವ ವಸ್ತು, ತಾಯಿಯ ರಕ್ತದಲ್ಲಿ ಇದೆಯಾ ಎಂದು ನೋಡುವ ಪರೀಕ್ಷೆ. ತಾಯಿಯ ರಕ್ತದಿಂದ ಸೀರಂ, ಅಂದರೆ ಕಣಗಳಿಲ್ಲದ ತಿಳಿ ಭಾಗ, ತೆಗೆಯುತ್ತೇವೆ. ಅದಕ್ಕೆ ಓ ಪಾಸಿಟಿವ್ ಕೆಂಪು ಕಣಗಳನ್ನು ಸೇರಿಸಿ, ಮೈಯಷ್ಟೇ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ ಇಡುತ್ತೇವೆ. ಆಮೇಲೆ ಕಣಗಳನ್ನು ಚೆನ್ನಾಗಿ ತೊಳೆದು, ಆಂಟಿಬಾಡಿ ಅಂಟಿದ ಕಣಗಳನ್ನು ಗಂಟು ಕಟ್ಟಿಸುವ ಕೂಂಬ್ಸ್ ಸೀರಂ ಹಾಕಿ, ಯಂತ್ರದಲ್ಲಿ ತಿರುಗಿಸುತ್ತೇವೆ. ಟ್ಯೂಬಿನ ತಳದಲ್ಲಿ ಕೆಂಪು ಗುಂಡಿಯ ಹಾಗೆ ಕಣಗಳು ಕೂತಿರುತ್ತವೆ. ಮೆಲ್ಲಗೆ ಅಲ್ಲಾಡಿಸಿದರೆ ಆ ಗುಂಡಿ ಹೊಗೆ ಎದ್ದ ಹಾಗೆ ಬಿಡಿಸಿಕೊಂಡು ಕರಗಬೇಕು. ಕರಗಿದರೆ ತಾಯಿಯಲ್ಲಿ ಆಂಟಿಬಾಡಿ ಇಲ್ಲ ಎಂದರ್ಥ.

ಅವತ್ತು ಕರಗಲಿಲ್ಲ. ಅಂಬಲಿಯಲ್ಲಿ ರಾಗಿ ಹಿಟ್ಟು ಗಂಟು ಕಟ್ಟುತ್ತಲ್ಲ, ಹಾಗೆ ತುಂಡು ತುಂಡಾಗಿ ಎದ್ದು ಬಂತು. ಇನ್ನೊಂದು ಸಲ ಮಾಡಿದೆ. ಮತ್ತೆ ಅದೇ ಗಂಟು. ಸೀರಮನ್ನು ಅರ್ಧಕ್ಕರ್ಧ ತೆಳು ಮಾಡುತ್ತಾ ಹೋದೆ. ಎರಡು ಪಟ್ಟು, ನಾಲ್ಕು, ಎಂಟು, ಹದಿನಾರು. 64 ಪಟ್ಟು ತೆಳು ಮಾಡಿದರೂ ಗಂಟು ಕಾಣುತ್ತಿತ್ತು. 16 ದಾಟಿದರೆ ಹೊಟ್ಟೆಯಲ್ಲಿರುವ ಕೂಸಿನ ಮೇಲೆ ಕಣ್ಣಿಡಬೇಕು ಎನ್ನುವುದು ನಮ್ಮಲ್ಲಿ ಸಾಮಾನ್ಯವಾಗಿ ಇಟ್ಟುಕೊಂಡಿರುವ ಗೆರೆ.

ಆ ಬಸುರಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ತಾಯಿ ಕಾರ್ಡ್. ಕಾರ್ಡಿನ ಮೇಲೆ ಯಾರೋ ಕೆಂಪು ಇಂಕಿನಲ್ಲಿ ‘ಬಿ ನೆಗೆಟಿವ್’ ಎಂದು ದೊಡ್ಡದಾಗಿ ಬರೆದಿದ್ದರು. ಒಳ್ಳೆ ಕೆಲಸ.

‘ಇದು ಎಷ್ಟನೇ ಬಸಿರಮ್ಮ?’

‘ಎರಡನೇದು ಮೇಡಂ.’

‘ಮೊದಲನೇ ಹೆರಿಗೆಯಲ್ಲಿ ಇಂಜೆಕ್ಷನ್ ಕೊಟ್ಟಿದ್ರಾ?’

‘ಕೊಟ್ಟಿದ್ರು. ಮಗಳು ಪಾಸಿಟಿವ್ ಅಂತ ಮಾರನೇ ದಿನವೇ ಕೊಟ್ರು.’

ಈ ಸಲ ಇನ್ನೂ ಇಂಜೆಕ್ಷನ್ ಆಗಿರಲಿಲ್ಲ. ಆಗಿದ್ದರೆ ಅದರಿಂದಲೇ ಐಸಿಟಿ ಸ್ವಲ್ಪ ಪಾಸಿಟಿವ್ ಬರುವುದುಂಟು. ರಕ್ತ ಹಾಕಿಸಿಕೊಂಡಿದ್ದೂ ಇಲ್ಲ. ಹಾಗಾದರೆ ಈ ಆಂಟಿಬಾಡಿ ಎಲ್ಲಿಂದ ಬಂತು? ಅತ್ತೆ ನೀರು ಹಿಡಿದುಕೊಂಡು ಬರಲು ಎದ್ದು ಹೋದಾಗ ಮತ್ತೆ ಕೇಳಿದೆ. ‘ನಡುವೆ ಯಾವುದಾದರೂ ನಿಲ್ಲದೆ ಹೋಗಿತ್ತಾ?’

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ‘ಒಂದು ಹೋಯ್ತು ಮೇಡಂ. ನಾಲ್ಕನೇ ತಿಂಗಳಲ್ಲಿ. ಕ್ಲೀನ್ ಮಾಡಿಸಿದ್ರು.’

ಇಡೀ ಪ್ರಕರಣದ ಬೇರು ಈ ಮೂರು ಮಾತಿನಲ್ಲಿತ್ತು.

ಯಾರೂ ಬೇಕು ಅಂತ ಮುಚ್ಚಿಟ್ಟಿರಲಿಲ್ಲ. ‘ಮಗು ಕೈಗೆ ಬಂದಿದ್ದು ಒಂದೇ ತಾನೆ, ಹೋಗಿದ್ದನ್ನ ಯಾಕೆ ಲೆಕ್ಕ ಹಿಡೀತೀರಿ?’ ಎಂದು ಅತ್ತೆ ಆಮೇಲೆ ನನ್ನನ್ನೇ ಕೇಳಿದರು. ನಮ್ಮ ಮನೆಗಳಲ್ಲಿ ಲೆಕ್ಕ ಹಾಕುವುದೇ ಹೀಗೆ ಅಲ್ವಾ? ತೊಟ್ಟಿಲಿಗೆ ಬಂದಿದ್ದು ಮಾತ್ರ ಲೆಕ್ಕಕ್ಕೆ. ಆದರೆ ತಾಯಿಯ ಮೈ ಪ್ರತಿ ಬಸಿರನ್ನೂ ನೆನಪಿಟ್ಟುಕೊಂಡಿರುತ್ತದೆ.

ಅದು ಹೇಗೆ ಎಂದು ಬಿಡಿಸಿ ಹೇಳುತ್ತೇನೆ. ಕೆಂಪು ಕಣದ ಮೈಮೇಲೆ ‘ಡಿ’ ಎನ್ನುವ ಒಂದು ಗುರುತು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಇಷ್ಟೇ ವ್ಯತ್ಯಾಸ. ‘ನೆಗೆಟಿವ್ ಅಂದ್ರೆ ರಕ್ತ ಕೆಟ್ಟಿದೆ ಅಂತಾನಾ ಮೇಡಮ್ಮೋರೆ?’ ಎಂದು ಅತ್ತೆ ಕೇಳಿದ್ದರು. ಖಂಡಿತ ಅಲ್ಲ. ಕೆಲವರ ಕೆನ್ನೆಯಲ್ಲಿ ಗುಳಿ ಇರುತ್ತೆ, ಕೆಲವರಿಗೆ ಇರಲ್ಲ, ಹಾಗೆ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ನೆಗೆಟಿವ್.

ತಾಯಿ ನೆಗೆಟಿವ್, ಕೂಸು ಪಾಸಿಟಿವ್ ಆದಾಗ ಹೊಟ್ಟೆಯಲ್ಲಿ ಇರುವಷ್ಟು ದಿನ ಸಾಮಾನ್ಯವಾಗಿ ತೊಂದರೆ ಇಲ್ಲ, ನಡುವೆ ಮಾಸು ಇರುತ್ತೆ. ಆದರೆ ಹೆರಿಗೆಯಲ್ಲಿ, ಗರ್ಭ ಇಳಿದಾಗ, ಕ್ಲೀನ್ ಮಾಡಿಸಿದಾಗ, ಹೊಟ್ಟೆಗೆ ಜೋರು ಪೆಟ್ಟು ಬಿದ್ದಾಗ ಕೂಸಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತದೆ. ಒಂದು ಮಿಲಿಗಿಂತ ಕಡಿಮೆ ಸೇರಿದರೂ ಸಾಕು. ತಾಯಿಯ ಮೈ ಅದನ್ನು ಪರಕೀಯ ಎಂದು ಗುರುತಿಸಿ ಆಂಟಿಬಾಡಿ ಮಾಡಲು ಕಲಿಯುತ್ತದೆ. ಮೊದಲ ಸಲ ಈ ಕಲಿಕೆ ನಿಧಾನ. ಅಷ್ಟರಲ್ಲಿ ಆ ಬಸಿರೇ ಮುಗಿದಿರುತ್ತದೆ. ಆದರೆ ಕಲಿತದ್ದು ಮರೆಯುವುದಿಲ್ಲ. ಮುಂದಿನ ಪಾಸಿಟಿವ್ ಕೂಸು ಬಂದಾಗ ಬೇಗ ಬೇಗ, ಜಾಸ್ತಿ ಜಾಸ್ತಿ ಆಂಟಿಬಾಡಿ ಹುಟ್ಟುತ್ತದೆ. ಈ ಸಲ ಹುಟ್ಟುವುದು ಮಾಸನ್ನು ದಾಟಿ ಹೋಗಬಲ್ಲ ಜಾತಿಯದ್ದು. ಅದು ಕೂಸಿನ ಕೆಂಪು ಕಣಗಳಿಗೆ ಅಂಟಿಕೊಂಡು ಅವನ್ನು ಒಡೆಸುತ್ತದೆ. ಕೂಸಿಗೆ ರಕ್ತ ಕಡಿಮೆಯಾಗುತ್ತದೆ. ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ತುಂಬಿಕೊಳ್ಳುತ್ತದೆ. ಹೊಟ್ಟೆಯಲ್ಲಿದ್ದಾಗ ಆ ಹಳದಿಯನ್ನು ತಾಯಿಯೇ ಹೊರಹಾಕುತ್ತಾಳೆ. ಹುಟ್ಟಿದ ಮೇಲೆ ಕೂಸಿನ ಎಳೆ ಲಿವರ್ ಒಂದೇ ಆ ಕೆಲಸ ಮಾಡಬೇಕು. ವಿಪರೀತ ಏರಿದರೆ ಅದು ಮಿದುಳಿಗೆ ಸೇರಿ, ಕಿವಿ ಕೇಳದಂತಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು, ಜೀವವೇ ಹೋಗಬಹುದು.

ಆಂಟಿ-ಡಿ ಇಂಜೆಕ್ಷನ್ ತಡೆಯುವುದು ಆ ಮೊದಲ ಕಲಿಕೆಯನ್ನು. ತಾಯಿಯ ಮೈ ಗುರುತು ಹಿಡಿಯುವ ಮೊದಲೇ ಒಳಗೆ ಸೇರಿದ ಕೂಸಿನ ಕಣಗಳನ್ನು ಅದು ಮುಗಿಸಿಬಿಡುತ್ತದೆ. 300 ಮೈಕ್ರೋಗ್ರಾಂನ ಒಂದು ಇಂಜೆಕ್ಷನ್ ಸುಮಾರು 30 ಮಿಲಿ ರಕ್ತಕ್ಕೆ ಸಾಕು. 72 ಗಂಟೆಯೊಳಗೆ ಕೊಡಬೇಕು. ಇಂಜೆಕ್ಷನ್ನೇ ಇಲ್ಲದ ಕಾಲದಲ್ಲಿ ಇಂಥ ನೂರು ತಾಯಂದಿರಲ್ಲಿ ಸುಮಾರು 16 ಜನರಲ್ಲಿ ಆಂಟಿಬಾಡಿ ಹುಟ್ಟುತ್ತಿತ್ತು. ಹೆರಿಗೆಯಾದ ಮೇಲೆ ಕೊಡುವುದರಿಂದ ಅದು ಒಂದೆರಡಕ್ಕೆ ಇಳಿಯಿತು. 28ನೇ ವಾರದಲ್ಲೂ ಕೊಟ್ಟರೆ ಒಂದಕ್ಕಿಂತ ಕಡಿಮೆ. ಆದರೆ ಮೈ ಒಮ್ಮೆ ಕಲಿತ ಮೇಲೆ ಈ ಇಂಜೆಕ್ಷನ್ನಿನಿಂದ ಏನೂ ಪ್ರಯೋಜನವಿಲ್ಲ. ಹಾಗಾಗಿ ಆ ಶನಿವಾರ ಅವರಿಗೆ ಇಂಜೆಕ್ಷನ್ ಕೊಡಲಿಲ್ಲ. ‘ಇಂಜೆಕ್ಷನ್‌ಗೇ ಅಂತ ಬಂದ್ವಿ, ಅದನ್ನೇ ಕೊಡಲ್ಲ ಅಂತೀರಲ್ಲ’ ಎಂದು ಗಂಡ ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಯಿತು.

ಮಾರನೇ ವಾರ ಅವರು ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ ತಂದರು. ಎರಡು ವರ್ಷದ ಹಿಂದಿನದು, ನಾಲ್ಕು ಮಡಿಕೆಯಾಗಿ ಮಡಿಕೆಯಲ್ಲೇ ಹರಿದಿತ್ತು. 14 ವಾರದ ಗರ್ಭ ಎಂದಿತ್ತು. ಕೊಟ್ಟ ಮಾತ್ರೆಗಳ ಪಟ್ಟಿ ಇತ್ತು, ಬಿಲ್ಲಿನ ನಂಬರ್ ಇತ್ತು. ‘ರಕ್ತದ ಗುಂಪು’ ಎನ್ನುವುದರ ಮುಂದೆ ಮಾತ್ರ ಖಾಲಿ. ಅವತ್ತು ಒಬ್ಬರು ಆ ಜಾಗ ತುಂಬಿಸಿದ್ದರೆ ಎರಡು-ಮೂರು ಸಾವಿರ ರೂಪಾಯಿಯ ಒಂದು ಇಂಜೆಕ್ಷನ್ನಿನಲ್ಲಿ ಇದೆಲ್ಲ ಬಹುಶಃ ತಪ್ಪುತ್ತಿತ್ತು.

ಈ ಬಸಿರಿನಲ್ಲೂ ಒಂದು ಅವಕಾಶ ಕೈತಪ್ಪಿತ್ತು. ಮೂರನೇ ತಿಂಗಳಲ್ಲೇ ಐಸಿಟಿ ಮಾಡಿಸಿ ಎಂದು ಹೇಳಿದ್ದರಂತೆ. ಅವರ ತಾಲೂಕಿನಲ್ಲಿ ಆ ಟೆಸ್ಟ್ ಇರಲಿಲ್ಲ. ಅದು ಮೆಕ್ಕೆಜೋಳ ಮುರಿಯುವ ಹೊತ್ತು, ಕೂಲಿಯವರು ಸಿಗುತ್ತಿರಲಿಲ್ಲ. ಹೇಗೂ ಎರಡನೇ ಬಸಿರು, ಮೊದಲನೆಯದಕ್ಕೆ ಇಂಜೆಕ್ಷನ್ ಆಗಿದೆ, ಅರ್ಜೆಂಟ್ ಏನಿದೆ ಎಂದು ಎಲ್ಲರಿಗೂ ಅನಿಸಿತ್ತು. ಮೂರನೇ ಬಸಿರು ಎಂದು ಕಾರ್ಡಿನಲ್ಲಿ ಇದ್ದಿದ್ದರೆ ಹಾಗೆ ಅನಿಸುತ್ತಿರಲಿಲ್ಲ.

ಅಲ್ಲಿಂದ ಎಂಟು ವಾರ ಓಡಾಟ. ದೊಡ್ಡ ಊರಿಗೆ ಪ್ರತಿ ವಾರ ಡಾಪ್ಲರ್ ಸ್ಕ್ಯಾನಿಂಗ್‌ಗೆ ಹೋಗಬೇಕಿತ್ತು. ಕೂಸಿನ ಮಿದುಳಿನ ಒಂದು ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಅದರಲ್ಲಿ ಅಳೆಯುತ್ತಾರೆ. ರಕ್ತ ಕಡಿಮೆಯಾದರೆ ತೆಳುವಾಗುತ್ತೆ, ತೆಳುವಾದರೆ ವೇಗ ಹೆಚ್ಚುತ್ತೆ. ಆ ವಾರಕ್ಕೆ ಇರಬೇಕಾದ ವೇಗದ ಒಂದೂವರೆ ಪಟ್ಟು ದಾಟಿದರೆ ಹೊಟ್ಟೆಯ ಮೂಲಕ ಸೂಜಿ ಹಾಕಿ ಹೊಕ್ಕುಳಬಳ್ಳಿಗೇ ರಕ್ತ ಕೊಡಬೇಕಾಗುತ್ತದೆ. ಇವರದ್ದು 1.3, 1.35, 1.42 ಎಂದು ಏರುತ್ತಾ ಹೋಯಿತು. ಗೆರೆ ದಾಟಲಿಲ್ಲ. ಪ್ರತಿ ಸಲ ಬಸ್ಸಿಳಿದ ಕೂಡಲೇ ನನಗೆ ಫೋನ್ ಮಾಡಿ ನಂಬರ್ ಹೇಳುತ್ತಿದ್ದರು. ಐಸಿಟಿ 64ರಿಂದ 128ಕ್ಕೆ ಹೋಗಿತ್ತು.

37 ವಾರ ತುಂಬಿದ ಮೇಲೆ ಹೆರಿಗೆ ಮಾಡಿಸುವುದು ಎಂದು ಡಾಕ್ಟರ್ ದಿನ ಗೊತ್ತು ಮಾಡಿದ್ದರು. ಆ ದಿನಕ್ಕೆ ಸರಿಯಾಗಿ ರಕ್ತ ಹೊಂದಿಸಲು ನಾನೂ ಲೆಕ್ಕ ಹಾಕಿಕೊಂಡಿದ್ದೆ. 36ನೇ ವಾರದಲ್ಲಿ ಒಂದು ಸಂಜೆ ಏಳು ಗಂಟೆಗೆ ನೋವು ಶುರುವಾಯಿತು.

ಕೂಸಿಗೆ ಬೇಕಾಗುವುದು ಓ ನೆಗೆಟಿವ್, ಅದೂ ತಾಜಾ ರಕ್ತ. ಫ್ರಿಜ್ಜಿನಲ್ಲಿ ಇದ್ದ ಒಂದೇ ಒಂದು ಬ್ಯಾಗು ಮೂರು ವಾರದ ಹಳೆಯದು. ಬಸ್ ಡಿಪೋದಲ್ಲಿ ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್ ನಮ್ಮ ಪಟ್ಟಿಯಲ್ಲಿದ್ದರು. ಫೋನ್ ಮಾಡಿದೆ. ಎಂಟಕ್ಕೆ ಗ್ರೀಸ್ ಹತ್ತಿದ ಖಾಕಿಯಲ್ಲೇ ಬಂದು ಮಲಗಿದರು.

ಅಷ್ಟರಲ್ಲಿ ಗಂಡ ಓಡಿ ಬಂದರು. ‘ಮೇಡಂ, ನನ್ನದೇ ತಗೊಳ್ಳಿ. ನಾನು ಓ. ಅಪ್ಪನ ರಕ್ತ ಮಗುವಿಗೆ ಆಗಲ್ವಾ?’

ಅವರದ್ದು ಓ ಪಾಸಿಟಿವ್. ಅವರನ್ನು ಕೂರಿಸಿ ಹೇಳಿದೆ. ಕೂಸಿನ ಗುಂಪು ಪಾಸಿಟಿವ್ ಆಗಿದ್ದರೂ ಈಗ ಅದಕ್ಕೆ ಪಾಸಿಟಿವ್ ರಕ್ತ ಕೊಡುವಂತಿಲ್ಲ. ತಾಯಿಯ ಆಂಟಿಬಾಡಿ ಕೂಸಿನ ಮೈಯಲ್ಲಿ ಇನ್ನೂ ಓಡಾಡುತ್ತಿರುತ್ತದೆ, ಕೊಟ್ಟ ಕಣಗಳನ್ನೂ ಒಡೆಸುತ್ತದೆ. ಅದಕ್ಕೇ ನಾವು ಕ್ರಾಸ್‌ಮ್ಯಾಚನ್ನು, ಅಂದರೆ ಕೊಡುವ ರಕ್ತ ಹೊಂದುತ್ತದೆಯಾ ಎಂದು ನೋಡುವ ಪರೀಕ್ಷೆಯನ್ನು, ತಾಯಿಯ ಸೀರಂ ಜೊತೆಗೇ ಮಾಡುವುದು.

ಗಂಡನ ರಕ್ತ ಎಂದಾಗಲೆಲ್ಲ ನನಗೆ ನ್ಯೂಯಾರ್ಕಿನ ಒಬ್ಬ ತಾಯಿ ನೆನಪಾಗುತ್ತಾರೆ. 1937ರಲ್ಲಿ ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ 25 ವರ್ಷದ ಆಕೆಗೆ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ರಕ್ತಸ್ರಾವವಾಯಿತೆಂದು ಗಂಡನ ರಕ್ತ ಕೊಟ್ಟರು. ಇಬ್ಬರೂ ಓ ಗುಂಪು, ಹೊಂದಲೇಬೇಕಿತ್ತು. ಸ್ವಲ್ಪ ಹೊತ್ತಿಗೇ ಚಳಿ ಹಿಡಿಯಿತು, ಮೈಕೈ ನೋವು ಬಂತು, ಮೂತ್ರ ಕೆಂಪಾಯಿತು. ಫಿಲಿಪ್ ಲೆವಿನ್ ಎಂಬ ವಿಜ್ಞಾನಿ ಆಕೆಯ ಸೀರಮನ್ನು ಗುಂಪು ಹೊಂದುವ 104 ಜನರ ರಕ್ತದ ಜೊತೆ ಸೇರಿಸಿ ನೋಡಿದರು. 80 ಜನರ ರಕ್ತ ಗಂಟು ಕಟ್ಟಿತು. ಕೂಸಿಗೆ ತಂದೆಯಿಂದ ಬಂದ ಯಾವುದೋ ಒಂದು ಗುರುತಿನ ವಿರುದ್ಧ ತಾಯಿಯಲ್ಲಿ ಆಂಟಿಬಾಡಿ ಹುಟ್ಟಿದೆ ಎಂದು 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ಬರೆದರು. ಮರುವರ್ಷವೇ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಕೋತಿಯ ರಕ್ತ ಬಳಸಿದ ಪ್ರಯೋಗ ಪ್ರಕಟಿಸಿದರು, ಈ ಪಾಸಿಟಿವ್-ನೆಗೆಟಿವ್ ಗುಂಪಿಗೆ ಆರ್‌ಎಚ್ ಎಂಬ ಹೆಸರು ಬಂದಿದ್ದು ಅಲ್ಲಿಂದ. ಎಷ್ಟೋ ಮನೆಗಳಲ್ಲಿ ‘ಮೊದಲನೇದು ಉಳಿಯಿತು, ಆಮೇಲಿನವು ಒಂದೂ ಉಳಿಯಲಿಲ್ಲ’ ಎಂದು ಹೆಣ್ಣಿನ ಹಣೆಬರಹವನ್ನು ಬೈಯುತ್ತಿದ್ದರಲ್ಲ, ಅವುಗಳಲ್ಲಿ ಒಂದಷ್ಟಕ್ಕೆ ಕಾರಣ ಅಲ್ಲಿ ಸಿಕ್ಕಿತು.

ಕೂಸು ಹುಟ್ಟಿದ್ದು ಬೆಳಗಿನ ಜಾವ 4 ಗಂಟೆ 10 ನಿಮಿಷಕ್ಕೆ. ಗಂಡು, 2.6 ಕಿಲೋ. ಹೊಕ್ಕುಳಬಳ್ಳಿಯ ರಕ್ತ ನನ್ನ ಕೈಗೆ ಬಂದಾಗ ಟ್ಯೂಬ್ ಇನ್ನೂ ಬೆಚ್ಚಗಿತ್ತು. ಓ ಪಾಸಿಟಿವ್. ಕೂಸಿನ ಕಣಗಳಿಗೆ ಆಂಟಿಬಾಡಿ ಅಂಟಿದೆಯಾ ಎಂದು ನೋಡುವ ಡಿಸಿಟಿ ಮಾಡಿದೆ. ತಳದ ಗುಂಡಿ ಒಂದೇ ಗಡ್ಡೆಯಾಗಿ ಮೇಲೆ ಬಂತು, ಸುತ್ತ ನೀರು ತಿಳಿಯಾಗಿತ್ತು. ಅದಕ್ಕಿಂತ ಜೋರಾದ ಪಾಸಿಟಿವ್ ಇಲ್ಲ. ಹಿಮೋಗ್ಲೋಬಿನ್ 11.2, ಬಿಲಿರುಬಿನ್ 5.1. ಹುಟ್ಟಿದ ಕೂಸಿಗೆ ಹಿಮೋಗ್ಲೋಬಿನ್ ಇರಬೇಕಾದದ್ದು ಹದಿನೈದು ಹದಿನಾರರ ಮೇಲೆ.

ಕೂಡಲೇ ಫೋಟೋಥೆರಪಿಯ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಹತ್ತು ಗಂಟೆಗೆ ಬಿಲಿರುಬಿನ್ 9.6. ಆರು ಗಂಟೆಯಲ್ಲಿ ನಾಲ್ಕೂವರೆ ಏರಿತ್ತು, ಬೆಳಕಿನ ಕೆಳಗಿದ್ದೂ. ರಕ್ತ ಬದಲಾಯಿಸಲೇಬೇಕು ಎಂದರು ಮಕ್ಕಳ ಡಾಕ್ಟರ್. ಮೆಕ್ಯಾನಿಕ್ ಕೊಟ್ಟ ರಕ್ತದ ಎಲ್ಲ ಟೆಸ್ಟ್‌ಗಳೂ ರಾತ್ರಿಯೇ ಮುಗಿದಿದ್ದವು. ಅದರ ಕೆಂಪು ಕಣಗಳಿಗೆ ಎಬಿ ಗುಂಪಿನ ಪ್ಲಾಸ್ಮಾ (ರಕ್ತದ ದ್ರವ ಭಾಗ) ಸೇರಿಸಿ, ತಾಯಿಯ ಸೀರಂ ಜೊತೆ ಕ್ರಾಸ್‌ಮ್ಯಾಚ್ ಮಾಡಿ, ಬ್ಯಾಗನ್ನು ನಾನೇ ಹಿಡಿದುಕೊಂಡು ಮೇಲಿನ ಮಹಡಿಗೆ ಹೋದೆ.

ಕೂಸಿನ ಮೈಯಲ್ಲಿ ಕಿಲೋಗೆ ಸುಮಾರು 80 ಮಿಲಿ ರಕ್ತ ಇರುತ್ತದೆ. ಅದರ ಎರಡರಷ್ಟು ಬದಲಾಯಿಸಬೇಕು. ಈ ಕೂಸಿಗೆ 420 ಮಿಲಿ, ಹೆಚ್ಚು ಕಡಿಮೆ ಎರಡು ನೀರಿನ ಲೋಟದಷ್ಟು. ಹೊಕ್ಕುಳಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿದ್ದರು. ಹತ್ತು ಮಿಲಿ ಹೊರಗೆ, ಹತ್ತು ಮಿಲಿ ಒಳಗೆ. ಡಾಕ್ಟರ್ ಸಿರಿಂಜ್ ಎಳೆಯುವಾಗ ಸಿಸ್ಟರ್ ‘ಔಟ್ ಹತ್ತು’ ಎನ್ನುವರು, ತಳ್ಳುವಾಗ ‘ಇನ್ ಹತ್ತು’ ಎಂದು ಹಾಳೆಯಲ್ಲಿ ಗೆರೆ ಎಳೆಯುವರು. ಅವಸರ ಮಾಡುವಂತಿಲ್ಲ, ಎದೆಬಡಿತ ನೋಡಿಕೊಂಡೇ ಹೋಗಬೇಕು. ಕೂಸಿನ ಹಣೆ ಒತ್ತಿ ಬಿಟ್ಟರೆ ಬೆರಳಿನ ಗುರುತು ಅರಿಶಿನದ ಬಣ್ಣಕ್ಕೆ ಕಾಣುತ್ತಿತ್ತು. 42 ಗೆರೆ ಮುಗಿಯುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಕೂಸಿನ ಹಳೆಯ ಕಣಗಳಲ್ಲಿ ನೂರಕ್ಕೆ 85ರಷ್ಟು ಹೊರಗೆ ಬಂದಿರುತ್ತವೆ, ಜೊತೆಗೆ ಹಳದಿಯೂ, ಆಂಟಿಬಾಡಿಯೂ. ಬಿಲಿರುಬಿನ್ 5.2ಕ್ಕೆ ಇಳಿಯಿತು. ರಾತ್ರಿ ಮತ್ತೆ 9ರವರೆಗೆ ಏರಿ ನಿಂತಿತು. ಹಾಗೆ ಏರುವುದು ಮಾಮೂಲು. ಎರಡನೇ ಸಲ ಬದಲಾಯಿಸುವ ಪ್ರಸಂಗ ಬರಲಿಲ್ಲ.

ಐದು ದಿನ ಬೆಳಕಿನ ಕೆಳಗೆ ಇಟ್ಟರು. ‘ಅಷ್ಟೆಲ್ಲ ಯಾಕೆ, ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕು’ ಎಂದು ನೋಡಲು ಬಂದವರು ಹೇಳುತ್ತಿದ್ದರು. ಆ ಮಾತು ಸುಮ್ನೆ ಹುಟ್ಟಿದ್ದಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಕೂಸುಗಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದ ವಾರ್ಡ್ ಎಂಬ ಸಿಸ್ಟರ್, ಬಿಸಿಲು ಬಿದ್ದ ಚರ್ಮ ಬಿಳಿಚಿಕೊಂಡಿದ್ದನ್ನು ಡಾಕ್ಟರ್‌ಗಳಿಗೆ ತೋರಿಸಿದ್ದರಿಂದಲೇ ಈ ಫೋಟೋಥೆರಪಿ ಹುಟ್ಟಿತು. ಆದರೆ ಗಂಟೆಗಂಟೆಗೂ ಏರುವ ಈ ಥರದ ಹಳದಿಗೆ ಅಂಗಳದ ಬಿಸಿಲು ಸಾಲದು. ಹುಟ್ಟಿದ ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ ಅದನ್ನು ಮಾಮೂಲಿ ಕಾಮಾಲೆ ಎಂದು ಬಿಡುವಂತೆಯೇ ಇಲ್ಲ, ತಕ್ಷಣ ರಕ್ತ ಪರೀಕ್ಷೆ ಆಗಬೇಕು. ಓ ಗುಂಪಿನ ತಾಯಂದಿರಿಗೂ ಈ ಮಾತು ಹೇಳಬೇಕು. ತಾಯಿ ಓ, ಕೂಸು ಎ ಅಥವಾ ಬಿ ಆದರೆ ಇಂಥದ್ದೇ ಹೊಂದಾಣಿಕೆಯ ತೊಂದರೆ ಬರಬಹುದು, ಅದೂ ಮೊದಲನೇ ಕೂಸಿಗೇ. ಸಾಮಾನ್ಯವಾಗಿ ಹಗುರ, ಬೆಳಕಿನಲ್ಲೇ ವಾಸಿಯಾಗುತ್ತೆ. ಅದಕ್ಕೆ ತಡೆಯುವ ಇಂಜೆಕ್ಷನ್ ಇಲ್ಲ.

ಮೂರನೇ ದಿನ ತಾಯಿ ನನ್ನನ್ನು ಕೇಳಿದರು. ‘ನನ್ನ ರಕ್ತದಿಂದಲೇ ಹೀಗಾಯ್ತು ಅಲ್ವಾ ಮೇಡಂ? ಹಾಲು ಕುಡಿಸಿದ್ರೆ ಮತ್ತೆ ಆಗುತ್ತಾ?’

ಆ ಪ್ರಶ್ನೆ ಎಷ್ಟು ದಿನದಿಂದ ಅವರ ಎದೆಯಲ್ಲಿತ್ತೋ. ಹಾಲಿನಿಂದ ಈ ತೊಂದರೆ ಆಗುವುದಿಲ್ಲ, ಧಾರಾಳವಾಗಿ ಕುಡಿಸಿ ಎಂದೆ. ಇನ್ನೊಂದು ಮಾತನ್ನೂ ಹೇಳಿದೆ. ಅವರ ಮೈಯಲ್ಲಿರುವ ಆ ಆಂಟಿಬಾಡಿಯೇ ಬೇರೆ ತಾಯಂದಿರಿಗೆ ಔಷಧಿ. 1968ರಲ್ಲಿ ಬಳಕೆಗೆ ಬಂದ ಆಂಟಿ-ಡಿ ಇಂಜೆಕ್ಷನ್ ತಯಾರಾದದ್ದು ಇಂಥ ಆಂಟಿಬಾಡಿ ಇರುವವರು ದಾನ ಮಾಡಿದ ಪ್ಲಾಸ್ಮಾದಿಂದಲೇ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬುವರು 2018ರವರೆಗೆ 1,173 ಸಲ ದಾನ ಮಾಡಿದರು. ಅವರ ತೋಳಿನಿಂದ 24 ಲಕ್ಷ ಕೂಸುಗಳಿಗೆ ಉಪಕಾರವಾಯಿತು ಎಂದು ಅಲ್ಲಿ ಲೆಕ್ಕ ಹಾಕಿದ್ದಾರೆ. ತಾಯಿ ಸುಮ್ಮನೆ ಕೇಳಿಸಿಕೊಂಡರು. ‘ಹಾಗಾದ್ರೆ ನಂದು ಕೆಟ್ಟ ರಕ್ತ ಅಲ್ಲ’ ಎಂದು ಅತ್ತೆಯ ಕಡೆ ನೋಡಿ ಹೇಳಿದರು.

ಎಂಟನೇ ದಿನ ತವರಿಗೆ ಹೋದರು. ಹಳದಿ ಹೋಯಿತು, ಎಲ್ಲ ಮುಗಿಯಿತು ಎಂದು ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ. ತಾಯಿಯಿಂದ ಬಂದ ಆಂಟಿಬಾಡಿ ಕೂಸಿನ ಮೈಯಲ್ಲಿ ಎರಡು-ಮೂರು ತಿಂಗಳು ಉಳಿದಿರುತ್ತದೆ, ಕೂಸು ಹೊಸದಾಗಿ ಮಾಡುವ ಕಣಗಳನ್ನೂ ಒಡೆಸುತ್ತದೆ. ಅದಕ್ಕೇ ವಾರ ವಾರ ಹಿಮೋಗ್ಲೋಬಿನ್ ನೋಡಿಸಬೇಕು. ನಾಲ್ಕನೇ ವಾರದಲ್ಲಿ ಕೂಸು ಹಾಲು ಕುಡಿಯುತ್ತಲೇ ಸುಸ್ತಾಗಿ ನಿದ್ದೆಗೆ ಜಾರತೊಡಗಿತು. ಬಾಣಂತನಕ್ಕೆ ನಿಂತಿದ್ದ ಅಜ್ಜಿ ‘ಸಾಧು ಕೂಸು’ ಎಂದು ಖುಷಿಪಟ್ಟಿದ್ದರಂತೆ. ತಾಯಿಗೆ ಮಾತ್ರ ಅನುಮಾನ ಬಂತು. ಅಂಗೈ ಬಿಳುಚಿದೆ ಎಂದು ನನಗೆ ಫೋನ್ ಮಾಡಿದರು. ಬಂದಾಗ ಹಿಮೋಗ್ಲೋಬಿನ್ 6.9. ಮತ್ತೆ ಓ ನೆಗೆಟಿವ್, 45 ಮಿಲಿ ಕೊಟ್ಟರು. ಡಾಕ್ಟರ್ ಫೋಲಿಕ್ ಆಸಿಡ್ ಬರೆದರು, ಐರನ್ ಟಾನಿಕ್ ಈಗಲೇ ಬೇಡ ಎಂದರು. ಕಣ ಒಡೆದರೂ ಅದರ ಕಬ್ಬಿಣ ಮೈಯಲ್ಲೇ ಉಳಿದಿರುತ್ತೆ.

ಆ ಹೊತ್ತಿಗೆ ನಮ್ಮ ಬ್ಲಡ್ ಬ್ಯಾಂಕಿನ ಫಾರಂ ಬದಲಾಗಿತ್ತು. ಅದರಲ್ಲಿ ಮೊದಲು ‘ಎಷ್ಟನೇ ಗರ್ಭ’ ಎಂದಷ್ಟೇ ಇತ್ತು. ಈಗ ಅದರ ಕೆಳಗೆ ಇನ್ನೊಂದು ಸಾಲಿದೆ: ‘ಗರ್ಭ ಇಳಿದದ್ದು, ಕ್ಲೀನ್ ಮಾಡಿಸಿದ್ದು, ಮಾತ್ರೆ ತಗೊಂಡಿದ್ದು ಉಂಟೇ? ಎಷ್ಟನೇ ತಿಂಗಳು? ಇಂಜೆಕ್ಷನ್ ಆಯಿತೇ?’ ಇದನ್ನು ಬಸುರಿಯನ್ನು ಒಳಗೆ ಒಬ್ಬರನ್ನೇ ಕರೆದು ಕೇಳುತ್ತೇವೆ, ಜೊತೆಗೆ ಬಂದವರ ಮುಂದೆ ಅಲ್ಲ.

ಮೂರು ತಿಂಗಳು ತುಂಬಿದ ಮೇಲೆ ಕಿವಿ ಪರೀಕ್ಷೆಗೆ ಬಂದಿದ್ದರು. ಬಿಲಿರುಬಿನ್ ಜಾಸ್ತಿ ಏರಿದ ಕೂಸುಗಳಿಗೆ ಈ ಟೆಸ್ಟ್ ಮಾಡಿಸಲೇಬೇಕು. ಸರದಿ ಬರುವ ತನಕ ನನ್ನ ಮೇಜಿನ ಪಕ್ಕ ಕೂತಿದ್ದರು. ಅತ್ತೆಯ ಮಡಿಲಲ್ಲಿ ಕೂಸು ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಿತ್ತು. ಗಾಳಿಗೆ ಸ್ಟೋರ್ ರೂಮಿನ ಬಾಗಿಲು ದಡ್ ಎಂದು ಬಡಿಯಿತು. ಕೂಸು ಬೆಚ್ಚಿ ಬಿದ್ದು ಜೋರಾಗಿ ಅತ್ತಿತು. ತಾಯಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅತ್ತೆ ಮಾತ್ರ ‘ಅಯ್ಯೋ ಹೆದರಿಕೊಂತಲ್ಲ ನನ್ನ ಕಂದ’ ಎಂದು ಎದೆಗೆ ಒತ್ತಿಕೊಂಡರು.

ಕಿವಿಯ ರಿಪೋರ್ಟ್ ನಾರ್ಮಲ್ ಬಂತು. ಹಿಮೋಗ್ಲೋಬಿನ್ 10.6. ಇನ್ನು ವಾರ ವಾರ ಬರುವುದು ಬೇಡ ಎಂದರು ಡಾಕ್ಟರ್.